ಜರ್ಮನ್ ರಮ್ಯ ರಂಗಭೂಮಿ: ಒಂದು ತಿದ್ದುಪಡಿ

ವಿಭಾಗದ ಈ ನೆನಪಿನ ಸಂಪುಟಕ್ಕೆ ಲೇಖನ ಬೇಕೆಂದು ಸಂಪಾದಕರು ಕೇಳಿದಾಗ, ಕೈಯಲ್ಲಿದ್ದ ಸಂಶೋಧನ ಪ್ರಬಂಧವೊಂದನ್ನು ಕೊಟ್ಟು ಸುಮ್ಮನಾಗಬಹುದಿತ್ತು. ಆದರೆ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಮುಂಬಯಿಯಲ್ಲಿ ಕನ್ನಡ ಪಾಠ ಹೇಳಿದ ನನ್ನ ಮೇಲೆ ಒಬ್ಬ ವಿದ್ಯಾರ್ಥಿಯ ಋಣವಿದೆ. ಅದನ್ನು ಇಲ್ಲಿಯೇ ಒಪ್ಪಿಕೊಳ್ಳುವುದು ಉಚಿತವೆಂದು ತೋರಿತು.

ಅಧ್ಯಾಪಕನಾದ ಮೊದಲ ವರ್ಷಗಳಲ್ಲಿ ಎಂ.ಎ. ತರಗತಿಗೆ ಪಾಶ್ಚಾತ್ಯ ಸಾಹಿತ್ಯ ಪಂಥಗಳನ್ನು ಬೋಧಿಸುತ್ತಿದ್ದೆ. ಜರ್ಮನ್ ರಂಗಭೂಮಿಯ ರಮ್ಯತೆಗೆ ನನ್ನ ಟಿಪ್ಪಣಿಯಲ್ಲಿ ಐದು ಲಕ್ಷಣಗಳಿದ್ದವು: ಭಾವದ ಉತ್ಕಟತೆ, ವ್ಯಕ್ತಿಸ್ವಾತಂತ್ರ್ಯ, ನಿಸರ್ಗಪ್ರೇಮ, ಗತಕಾಲದ ಹಂಬಲ, ನಿಯಮಗಳ ಉಲ್ಲಂಘನೆ. ಉದಾಹರಣೆಗೆ 1773ರ ಗಯಟೆಯ 'ಗಟ್ಸ್', 1782ರಲ್ಲಿ ಮಾನ್‌ಹೈಮಿನಲ್ಲಿ ಪ್ರಯೋಗಗೊಂಡ ಷಿಲ್ಲರನ 'ದರೋಡೆಕೋರರು'. ಇಂಗ್ಲಿಷ್ ಭಾವಗೀತೆಯ ಮೂಲಕ ರಮ್ಯತೆಯನ್ನು ಅರಿತವರು ನಾವು. ಬಿ.ಎಂ.ಶ್ರೀ. ಅವರ ಅನುವಾದಗಳು ತೆರೆದ ಬಾಗಿಲಿನಿಂದಲೇ ಜರ್ಮನಿಯನ್ನೂ ನೋಡಿದೆ. ಆ ಎರಡೂ ನಾಟಕಗಳನ್ನು ಜರ್ಮನ್ ಸಾಹಿತ್ಯ ಚರಿತ್ರಕಾರರು ರಮ್ಯ ಪಂಥಕ್ಕೆ ಸೇರಿಸದೆ, ಅದಕ್ಕಿಂತ ಹಿಂದಿನ 'ಬಿರುಗಾಳಿ ಮತ್ತು ತುಡಿತ'ದ ಚಳವಳಿಗೆ ಸೇರಿಸುತ್ತಾರೆಂಬುದನ್ನು ನಾನು ಲಕ್ಷಿಸಿರಲಿಲ್ಲ.

ಆ ತರಗತಿಯಲ್ಲಿ ದಕ್ಷಿಣ ಕನ್ನಡದಿಂದ ಬಂದ ಒಬ್ಬ ಯುವಕನಿದ್ದ. ಹೋಟೆಲಿನಲ್ಲಿ ದುಡಿಯುತ್ತ, ರಾತ್ರಿಶಾಲೆಯಲ್ಲಿ ಕಲಿತು ಎಂ.ಎ.ವರೆಗೆ ಬಂದವನು. ತರಗತಿಯಲ್ಲಿ ಬರೆಯಿಸಿದ ಪ್ರಬಂಧದಲ್ಲಿ ಆತ ನನ್ನ ಐದು ಲಕ್ಷಣಗಳನ್ನು ಬಿಟ್ಟು ಆರನೆಯದೊಂದನ್ನು ಬರೆದಿದ್ದ. ಜರ್ಮನ್ ರಮ್ಯ ನಾಟಕ ತನ್ನನ್ನು ತಾನೇ ನೋಡಿ ನಗುತ್ತದೆ. ನಮ್ಮ ಯಕ್ಷಗಾನದ ಹಾಸ್ಯಗಾರ ಕಥೆಯ ನಡುವೆ ಭಾಗವತರೊಡನೆ ಇಂದಿನ ಮಾತಾಡಿ ಮತ್ತೆ ಕಥೆಗೆ ಮರಳುವಂತೆ ಎಂಬುದು ಅವನ ವಾದ. ಗ್ರಂಥಾಲಯದ ಯಾವುದೋ ಕೈಪಿಡಿಯಲ್ಲಿ ಟೀಕ್ ಎಂಬಾತನ ನಾಟಕದ ವಿಷಯ ನಾಲ್ಕು ಸಾಲು ಓದಿದ್ದನಂತೆ. ನಾನು ಆ ಪುಟಕ್ಕೆ ಅಡ್ಡಲಾಗಿ ಕೆಂಪು ಗೆರೆ ಎಳೆದು 'ಅಪ್ರಸ್ತುತ' ಎಂದು ಬರೆದೆ.

ಕೆಲವು ವರ್ಷಗಳ ಅನಂತರ ಗಿರೀಶ ಕಾರ್ನಾಡರ 'ಹಯವದನ'ವನ್ನು ಕುರಿತು ಬರೆಯುವಾಗ, ನಾಟಕದೊಳಗಿನ ನಾಟಕದ ಪರಂಪರೆಯನ್ನು ಹುಡುಕುತ್ತ ಲುಡ್ವಿಗ್ ಟೀಕನ 'ಬೂಟು ತೊಟ್ಟ ಬೆಕ್ಕು' ನಾಟಕವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದೆ. 1797ರಲ್ಲಿ ಪ್ರಕಟವಾದ ಕೃತಿ ಅದು. ಅಜ್ಜಿಕಥೆಯ ಜಾಣ ಬೆಕ್ಕು ರಂಗದ ಮೇಲಿದೆ. ಆ ಬೆಕ್ಕಿನ ನಾಟಕವನ್ನು ನೋಡಲು ಬಂದ ಪ್ರೇಕ್ಷಕರೂ ಪಾತ್ರಗಳಾಗಿ ರಂಗದ ಮೇಲೆಯೇ ಇದ್ದಾರೆ. ಕೌಟುಂಬಿಕ ನಾಟಕಗಳ ಕಣ್ಣೀರಿಗೆ ಒಗ್ಗಿಹೋದ ಅವರಿಗೆ ಮಾತಾಡುವ ಬೆಕ್ಕು ಸಹನೆಯಾಗದು. ಗದ್ದಲವೇಳುತ್ತದೆ, ಕವಿ ಹೊರಬಂದು ಬೇಡಿಕೊಳ್ಳುತ್ತಾನೆ. ಒಂದು ದೃಶ್ಯದಲ್ಲಿ ಆಸ್ಥಾನದ ಪಂಡಿತನೂ ವಿದೂಷಕನೂ 'ಬೂಟು ತೊಟ್ಟ ಬೆಕ್ಕು' ಎಂಬ ನಾಟಕವನ್ನೇ ಚರ್ಚಿಸುತ್ತಾರೆ. ಅದರಲ್ಲಿ ಪ್ರೇಕ್ಷಕರ ಚಿತ್ರಣ ಚೆನ್ನಾಗಿದೆಯೆಂದು ಪಂಡಿತನ ವಾದ. ಕೇಳುತ್ತಿದ್ದ ಪ್ರೇಕ್ಷಕರಿಗೆ ಆಶ್ಚರ್ಯ: ಈ ನಾಟಕದಲ್ಲಿ ಪ್ರೇಕ್ಷಕರೆಲ್ಲಿದ್ದಾರೆ?

ನಗುತ್ತಲೇ ಓದಿದೆ, ಆಮೇಲೆ ನಗು ನಿಂತಿತು. ನಾನು ಗೆರೆ ಎಳೆದ ಪುಟ ನೆನಪಾಯಿತು. ಟೀಕನ ನಾಟಕದ ಪ್ರೇಕ್ಷಕರಂತೆಯೇ ನಾನೂ, ನನ್ನ ಟಿಪ್ಪಣಿಗೆ ಹೊಂದದ ಬೆಕ್ಕನ್ನು ಗದರಿಸಿದ್ದೆ.

ಫ್ರೀಡ್ರಿಖ್ ಶ್ಲೇಗೆಲ್ ಈ ಗುಣವನ್ನೇ ರಮ್ಯ ಕಲೆಯ ತಿರುಳೆಂದು ಭಾವಿಸಿದ್ದ. ಗ್ರೀಕ್ ಪ್ರಹಸನದ ಮೇಳ ಕಥೆಯನ್ನು ತಡೆದು ಪ್ರೇಕ್ಷಕರತ್ತ ತಿರುಗುತ್ತಿತ್ತು. ಅಂಥ ತಿರುಗುವಿಕೆ ನಿರಂತರವಾದಾಗ ಅದು ಐರನಿ ಎಂದು ಅವನ ಅಭಿಪ್ರಾಯ. ಕನಸು ಕಟ್ಟುವುದು, ಅದು ಕನಸೆಂದು ಅರಿಯುವುದು, ಆದರೂ ಅದನ್ನು ಬಿಡದಿರುವುದು. ಕ್ಲೈಸ್ಟನ 'ಹೋಂಬುರ್ಗಿನ ರಾಜಕುಮಾರ' ಇದೇ ತಿರುಳನ್ನು ಗಂಭೀರವಾಗಿ ತೋರಿಸುತ್ತದೆ. ನಿದ್ದೆಯಲ್ಲಿ ನಡೆಯುತ್ತ ಕೀರ್ತಿಮಾಲೆ ಹೆಣೆಯುವ ವೀರ, ಅಪ್ಪಣೆ ಮೀರಿ ಯುದ್ಧ ಗೆದ್ದು ಮರಣದಂಡನೆಗೆ ಗುರಿಯಾಗುತ್ತಾನೆ. ತನಗಾಗಿ ತೋಡಿದ ಗುಂಡಿಯನ್ನು ಕಂಡು ನಡುಗಿ ಪ್ರಾಣಭಿಕ್ಷೆ ಬೇಡುತ್ತಾನೆ. ಕೊನೆಗೆ ಕ್ಷಮೆ ದೊರೆತಾಗ ಅದೂ ಕನಸೇ ಎಂದು ಕೇಳುತ್ತಾನೆ. ಕ್ಲೈಸ್ಟ್ 1811ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ನಾಟಕ ರಂಗಕ್ಕೆ ಬಂದದ್ದು 1821ರಲ್ಲಿ. ವೀರ ನಡುಗುವುದನ್ನು ನೋಡಲು ಅಂದಿನ ರಂಗಭೂಮಿ ಸಿದ್ಧವಿರಲಿಲ್ಲ.

ಹಾಗೆಂದು ವಿದ್ಯಾರ್ಥಿಯ ಹೋಲಿಕೆ ಪೂರ್ತಿ ಸರಿಯೆಂದೂ ಹೇಳಲಾರೆ. ಹಾಸ್ಯಗಾರನ ಮಾತಿಗೆ ಬಯಲಾಟದ ಪ್ರೇಕ್ಷಕ ಬೆಚ್ಚುವುದಿಲ್ಲ. ಅದು ಅಲ್ಲಿಯ ನಡೆ. ಜರ್ಮನಿಯಲ್ಲಾದರೋ 18ನೆಯ ಶತಮಾನದ ಸುಧಾರಕರು ವಿದೂಷಕನನ್ನು ರಂಗದಿಂದ ಬಹಿಷ್ಕರಿಸಿದ್ದರು. ಟೀಕ್ ಮರಳಿ ಕರೆತಂದದ್ದು ಹೊರದೂಡಲ್ಪಟ್ಟವನನ್ನು. ನಮ್ಮಲ್ಲಿ ಸಂಪ್ರದಾಯವಾದದ್ದು ಅಲ್ಲಿ ಬಂಡಾಯ. 1791ರಲ್ಲಿ ಜರ್ಮನಿಗೆ ಬಂದ 'ಶಾಕುಂತಲ'ದ ಪ್ರಸ್ತಾವನೆಯೇ ಗಯಟೆಯ 'ಫೌಸ್ಟ್'ನ ರಂಗಪೀಠಿಕೆಗೆ ಪ್ರೇರಣೆಯೆಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಈ ವಿಚಾರಗಳನ್ನು ಅಂದು ಆ ಯುವಕನೊಡನೆ ಕುಳಿತು ಚರ್ಚಿಸಬಹುದಿತ್ತು. ಒಂದು ಪದ ಬರೆದು ಬಾಗಿಲು ಮುಚ್ಚಿದೆ.

ಕೆಲವು ವರ್ಷಗಳ ಹಿಂದೆ ಮುಂಬಯಿಯಲ್ಲಿಯೇ ಒಂದು ತಾಳಮದ್ದಳೆಯಲ್ಲಿ ಆತ ಸಿಕ್ಕಿದರು. ಈಗ ಸ್ವಂತ ಹೋಟೆಲು ನಡೆಸುತ್ತಿದ್ದಾರೆ. ನನ್ನ ತಪ್ಪನ್ನು ಹೇಳಿದೆ. ಅವರಿಗೆ ಪ್ರಬಂಧದ ನೆನಪಿತ್ತು. "ಬೇಸರವೇನಿಲ್ಲ ಸರ್. ಪರೀಕ್ಷೆಯಲ್ಲಿ ನಿಮ್ಮ ಐದು ಲಕ್ಷಣಗಳನ್ನೇ ಬರೆದೆ, ಒಳ್ಳೆಯ ಅಂಕ ಬಂತಲ್ಲ" ಎಂದು ನಕ್ಕರು.

ಅವರು ಸಮಾಧಾನಕ್ಕಾಗಿ ಆಡಿದ ಮಾತು ಅದು. ನನಗೆ ಮಾತ್ರ ಅದೇ ಚುಚ್ಚುತ್ತದೆ. ತಾನೇ ಕಂಡದ್ದನ್ನು ಬಿಟ್ಟು ನಾನು ಹೇಳಿದ್ದನ್ನು ಬರೆಯಲು ಕಲಿಸಿದ್ದೆ. ಈಗ ಆ ಪಾಠವನ್ನು ಲಕ್ಷಣಗಳಿಂದ ಆರಂಭಿಸುವುದಿಲ್ಲ. ಬೆಕ್ಕಿನ ನಾಟಕದ ಒಂದು ದೃಶ್ಯವನ್ನು ಕನ್ನಡದಲ್ಲಿ ಹೇಳಿ, ನಿಮಗೆ ಇದನ್ನು ಕೇಳಿ ಏನು ನೆನಪಾಯಿತು ಎಂದು ಕೇಳುತ್ತೇನೆ. ಉತ್ತರ ಬರುವವರೆಗೆ ಕಾಯುತ್ತೇನೆ.