ಹಟ್ಟಿಯಂಗಡಿಯಲ್ಲಿ ನಡೆದು ನೋಡಿ

ಪ್ರವಾಸವೆಂದರೆ ಊಟಿ, ಮೈಸೂರೇ ಆಗಬೇಕೆಂದಿಲ್ಲ. ಕುಂದಾಪುರದ ಕಡೆ ನೆಂಟರ ಮನೆಗೆ ಹೋದಾಗ ಒಂದು ಬೆಳಗ್ಗೆಯನ್ನು ಹಟ್ಟಿಯಂಗಡಿಗೆ ಮೀಸಲಿಡಿ. ಮಕ್ಕಳನ್ನೂ ಕರೆದುಕೊಂಡು, ವಾಹನದಿಂದಿಳಿದು ನಡೆಯಿರಿ. ಕಾರಿನ ಕಿಟಕಿಯಿಂದ ಕಾಣುವುದು ಗದ್ದೆ, ತೆಂಗಿನ ತೋಟಗಳ ಹಳ್ಳಿಯಷ್ಟೇ.

‘ಇಲ್ಲಿ ನೋಡುವುದೇನಿದೆ?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಊರಿನ ಹೆಸರನ್ನೇ ಬಿಡಿಸಿ ಹೇಳಿ. ಅದರಲ್ಲೇ ಅಂಗಡಿ ಇದೆಯಲ್ಲ! ಆಳುಪ ಅರಸರ ಆಳ್ವಿಕೆ ಕಂಡ ಪಟ್ಟಣವಿದು. ಪಕ್ಕದ ವಾರಾಹಿ ನದಿ ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ. ದೋಣಿಗಳ ಕಾಲಕ್ಕೆ ಅದೇ ಹೆದ್ದಾರಿ.

ಸಿದ್ಧಿವಿನಾಯಕ ದೇವಸ್ಥಾನಕ್ಕೆ ಬರುವವರು ಅಲ್ಲಿಂದಲೇ ಹಿಂದಿರುಗುತ್ತಾರೆ. ನೀವು ಹಾಗೆ ಮಾಡಬೇಡಿ. ಹಳೆಯ ಜೈನ ಬಸದಿ, ಲೋಕನಾಥೇಶ್ವರ ದೇಗುಲಗಳ ತನಕ ಹೋಗಿ, ಬಸದಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಬೇರೆ ಬೇರೆ ನಂಬಿಕೆಯವರ ಪೂಜಾಸ್ಥಳಗಳು ಉಳಿದಿವೆ, ಆ ಅಂಗಡಿ ಸಾಲು ಉಳಿದಿಲ್ಲ. ಅದು ಎಲ್ಲಿತ್ತೆಂದು ಮಕ್ಕಳೇ ಹುಡುಕಲಿ. ಮಳೆಗಾಲವಾದರೆ ಜೋಪಾನ, ಪಾಚಿಗಟ್ಟಿದ ಕಲ್ಲು ಜಾರುತ್ತದೆ.