ಐದು ಕಿಲೋಮೀಟರಿನ ಕಾಯಕ

ಕೇದಾರಯಾತ್ರೆಯೆಂದೊಡನೆ ನಮ್ಮ ಮನೆಗಳ ಹಿರಿಯರ ಕಣ್ಣು ಅರಳುತ್ತದೆ. ಪಂಚಪೀಠಗಳಲ್ಲಿ ಒಂದಾದ ಕೇದಾರಪೀಠವು ಊಖೀಮಠದಲ್ಲಿದೆ. ಕೇದಾರನಾಥನ ಪೂಜೆಯನ್ನು ಕನ್ನಡ ನಾಡಿನಿಂದ ಹೋದ ವೀರಶೈವ ಅರ್ಚಕರು ಪರಂಪರೆಯಿಂದ ನಡೆಸಿಕೊಂಡು ಬಂದಿದ್ದಾರೆ. ಊಖೀಮಠದ ದರ್ಶನ ಮುಗಿಸಿ, ಮರುದಿನ ನಸುಕಿನಲ್ಲಿ ನಾವು ಬಾಡಿಗೆಯ ಬಸ್ಸಿನಲ್ಲಿ ಸೋನಪ್ರಯಾಗ ತಲುಪಿದೆವು.

ಅಲ್ಲಿಂದ ಮುಂದೆ ಯಾತ್ರಿಕರ ವಾಹನಗಳು ಹೋಗುವಂತಿಲ್ಲ. ಗೌರೀಕುಂಡದವರೆಗಿನ ಸುಮಾರು 5 ಕಿ.ಮೀ. ದಾರಿ ಬಹಳ ಇಕ್ಕಟ್ಟಾದುದು. ಒಂದು ಬದಿಗೆ ಕುಸಿಯುವ ಗುಡ್ಡ, ಇನ್ನೊಂದು ಬದಿಗೆ ಮಂದಾಕಿನಿಯ ಕಮರಿ. ಮೇಲೆ ವಾಹನ ನಿಲ್ಲಿಸಲು ಸ್ಥಳವೂ ಸಾಲದು. ಆದುದರಿಂದ ನೋಂದಣಿ ಪತ್ರ ತೋರಿಸಿ, ಸಾಲಿನಲ್ಲಿ ನಿಂತು, ಷಟಲ್ ಜೀಪು ಹತ್ತಬೇಕು. ಜನ ತುಂಬಿದೊಡನೆ ಜೀಪು ಹೊರಡುತ್ತದೆ. ಮೇಲೆ ಇಳಿಸಿ, ಹಿಂದಿರುಗುವವರನ್ನು ಹೊತ್ತು ತರುತ್ತದೆ. 2013ರ ಜೂನ್ ಪ್ರವಾಹದ ತರುವಾಯ ಹೊಸದಾಗಿ ಮಾಡಿದ ಕಾಲುದಾರಿ ಗೌರೀಕುಂಡದಿಂದ ಕೇದಾರಕ್ಕೆ ಸುಮಾರು 16 ಕಿ.ಮೀ.

ಸಾಲಿನಲ್ಲಿಯೇ ಎರಡು ತಾಸು ಕಳೆದವು. ನಮ್ಮ ತಂಡ ಮೂರು ಜೀಪುಗಳಲ್ಲಿ ಹಂಚಿಹೋಯಿತು. ವೃದ್ಧ ತಾಯಿಯೊಬ್ಬರ ಔಷಧದ ಚೀಲ ಬೇರೊಂದು ಜೀಪಿನ ಪಾಲಾಯಿತು. ನಾವು ಗೊಣಗಿದ್ದೇ ಗೊಣಗಿದ್ದು.

ದರ್ಶನ ಮುಗಿಸಿ ಇಳಿದು ಬಂದ ಸಂಜೆ ಮಳೆ ಹಿಡಿದಿತ್ತು. ಗೌರೀಕುಂಡ ಬಿಟ್ಟು ಅರ್ಧ ದಾರಿಗೆ ಜೀಪು ನಿಂತಿತು. ತಡವೇಕೆಂದು ನಾವು ಗದರಿದೆವು. ಚಾಲಕನು ಮರುಮಾತಾಡದೆ ಕೆಳಗಿಳಿದು ಗುಡ್ಡವನ್ನೇ ದಿಟ್ಟಿಸುತ್ತ ನಿಂತನು. ಅಷ್ಟರಲ್ಲಿ ಕಲ್ಲುಗಳು ಉರುಳಿ ನಮ್ಮ ಮುಂದೆಯೇ ರಸ್ತೆಗೆ ಬಿದ್ದವು. ಅವು ನಿಂತ ಮೇಲೆ ಒಂದೊಂದಾಗಿ ಬದಿಗೆ ಸರಿಸಿ, ಆತನು ಮೆಲ್ಲನೆ ಜೀಪು ನಡೆಸಿದನು. 2024ರ ಜುಲೈ 31ರ ಮಳೆಗೆ ಇದೇ ದಾರಿ ಕೊಚ್ಚಿಹೋಗಿ ಸಾವಿರಾರು ಯಾತ್ರಿಕರು ಸಿಲುಕಿದ್ದುದು ನೆನಪಾಗಿ ನಮ್ಮ ನಾಲಿಗೆ ಉಡುಗಿತು.

ಸೋನಪ್ರಯಾಗದಲ್ಲಿ ಇಳಿದಾಗ ನಾವು ಕ್ಷಮೆ ಕೇಳಿ, ಈ ವರ್ಷ ದರ್ಶನವಾಯಿತೇ ಎಂದು ವಿಚಾರಿಸಿದೆವು. ದಿನಕ್ಕೆ ಹಲವು ಬಾರಿ ಗೌರೀಕುಂಡ ಮುಟ್ಟಿ ಬರುವ ಆತನು ಇನ್ನೂ ಕೇದಾರಕ್ಕೆ ಹತ್ತಿರಲಿಲ್ಲ. "ಬಾಗಿಲು ಮುಚ್ಚುವ ಮೊದಲು ಒಮ್ಮೆ ಹೋಗಬೇಕು" ಎಂದು ನಕ್ಕು, ಮತ್ತೆ ಸಾಲಿನತ್ತ ಜೀಪು ತಿರುಗಿಸಿದನು. ಕಾಯಕವೇ ಕೈಲಾಸವೆಂದು ನಾವು ಎಷ್ಟು ಸಲ ನುಡಿದಿಲ್ಲ! ಅದನ್ನು ಕಣ್ಣಾರೆ ಕಂಡದ್ದು ಆ ಮಳೆಯಲ್ಲಿ.

ಯಾತ್ರೆಗೆ ಹೊರಡುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಸೋನಪ್ರಯಾಗವನ್ನು ಬೆಳಕು ಹರಿಯುವ ಮುನ್ನವೇ ಸೇರಿರಿ. ಔಷಧ, ಬೆಚ್ಚನೆಯ ಬಟ್ಟೆಗಳನ್ನು ಅವರವರ ಕೈಯಲ್ಲಿಯೇ ಇಟ್ಟುಕೊಳ್ಳಿರಿ. ಚದುರಿದರೆ ಗೌರೀಕುಂಡದಲ್ಲಿ ಕೂಡುವ ಜಾಗವನ್ನು ಮೊದಲೇ ಗೊತ್ತುಮಾಡಿರಿ. ಜೀಪು ನಿಂತರೆ ಗದರದಿರಿ.