ದ್ಯೂತವೂ ಕೌಶಲವೂ

ದ್ಯೂತವು ನಿಂದ್ಯವೆಂಬುದನ್ನು ಅರಿಯದವರಿಲ್ಲ. ಯಾವುದು ದ್ಯೂತವೆಂಬುದರಲ್ಲಿ ಮಾತ್ರ ವಿವಾದವು ಮುಗಿದಂತಿಲ್ಲ. 2023ನೆಯ ಇಸವಿಯ ಬೇಸಗೆಯಲ್ಲಿ ನಮ್ಮ ಸೋದರಳಿಯನು, "ಮಾವ, ನಿವೃತ್ತಿಯ ಹಣವನ್ನು ಬ್ಯಾಂಕಿನಲ್ಲಿಟ್ಟು ಫಲವೇನು? ಆನ್‌ಲೈನ್ ಪೋಕರ್ ನಡೆಸುವ ಕಂಪೆನಿಗಳ ಷೇರು ಕೊಳ್ಳಬಾರದೆ? ಅದು ಜೂಜಲ್ಲ, ರಮ್ಮಿಯಂತೆ ಕೌಶಲದ ಆಟ" ಎಂದನು.

ಅವನ ಮಾತು ನಿರಾಧಾರವಾಗಿರಲಿಲ್ಲ. ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿಯೇ ತೀರ್ಮಾನಿಸಿತ್ತು. ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕವು 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಇಲ್ಲಿನ ಹೈಕೋರ್ಟು 2022ನೆಯ ಫೆಬ್ರವರಿಯಲ್ಲಿ ರದ್ದುಪಡಿಸಿತ್ತು.

ಕೌಶಲವುಂಟೆಂಬುದನ್ನು ನಾವೂ ಒಪ್ಪುವೆವು. ಮಹಾಭಾರತದ ನಲೋಪಾಖ್ಯಾನದಲ್ಲಿ ಋತುಪರ್ಣನು ತಾರೆಯ ಮರವೊಂದರ ಎಲೆಗಳನ್ನೂ ಕಾಯಿಗಳನ್ನೂ ನೋಡಿದ ಮಾತ್ರಕ್ಕೆ ಎಣಿಸಿ ಹೇಳುತ್ತಾನೆ. ಅವನಿಂದ ಅಕ್ಷಹೃದಯವನ್ನು, ಎಂದರೆ ದಾಳದ ಮರ್ಮವನ್ನು, ಕಲಿತ ಮೇಲೆಯೇ ನಳನು ಕಳೆದುಕೊಂಡ ರಾಜ್ಯವನ್ನು ಪುಷ್ಕರನಿಂದ ಗೆದ್ದುಕೊಂಡನು. ಪೋಕರಿನಲ್ಲಿಯೂ 52 ಇಸ್ಪೀಟೆಲೆಗಳ ಸಂಭವವನ್ನು ಲೆಕ್ಕಿಸಿ, ಎದುರಾಳಿಯು ಒಡ್ಡುವ ಪಣದಿಂದ ಅವನ ಮನಸ್ಸನ್ನು ಊಹಿಸಬಲ್ಲವನಿಗೆ ಬಹುಕಾಲದ ಆಟದಲ್ಲಿ ಮೇಲುಗೈಯುಂಟು.

ಆದರೆ ಒಬ್ಬನ ಕೌಶಲವು ಮತ್ತೊಬ್ಬನ ನಷ್ಟವನ್ನು ಕಡಮೆ ಮಾಡುವುದೆ? ಶಕುನಿಯು ನಿಪುಣನಾಗಿದ್ದನೆಂದು ಧರ್ಮರಾಯನ ಸೋಲು ಹಗುರವಾಗಲಿಲ್ಲ. ಇದಲ್ಲದೆ, ಆಟವನ್ನು ನಡೆಸುವವನು ಪಣದ ಹಣದಲ್ಲಿ ತನ್ನ ಪಾಲನ್ನು ಮುರಿದುಕೊಳ್ಳುತ್ತಾನೆ. ಆದುದರಿಂದ ಆಟಗಾರರೆಲ್ಲರೂ ಸೇರಿ ತಂದ ಹಣಕ್ಕಿಂತ ಅವರು ಒಯ್ಯುವ ಹಣವು ಕಡಮೆಯೇ. ಷೇರು ಕೊಂಡವನು ಆ ಮುರಿದ ಪಾಲಿಗೆ ಭಾಗಸ್ಥನು. ಅವನ ಕೈಗೆ ಬರುವ ಲಾಭಾಂಶದಲ್ಲಿ ಯಾವುದೋ ಮನೆಯ ಅಕ್ಕಿಬೇಳೆಯ ಹಣವೂ ಸೇರಿರಬಹುದು. ಈ ಕಾರಣದಿಂದ ನಾವು ಬೇಡವೆಂದೆವು. ಅಳಿಯನಿಗೆ ಅಸಮಾಧಾನವಾಯಿತು.

ಲಾಭದ ದೃಷ್ಟಿಯಿಂದ ನೋಡಿದರೂ ಇಂತಹ ವ್ಯವಹಾರದ ಅಸ್ತಿವಾರವು ದುರ್ಬಲವಾದುದು. ಅದೇ ವರ್ಷದ ಜುಲೈ 11ರಂದು ಜಿ.ಎಸ್.ಟಿ. ಮಂಡಲಿಯು ಪಣದ ಪೂರ್ಣ ಮೊತ್ತದ ಮೇಲೆ ಶೇಕಡ 28ರಷ್ಟು ತೆರಿಗೆಯನ್ನು ಶಿಫಾರಸು ಮಾಡಿತು. ಮರುದಿನವೇ ಗೋವೆಯಲ್ಲಿ ಕೆಸಿನೋಗಳನ್ನು ನಡೆಸುವ ಡೆಲ್ಟಾ ಕಾರ್ಪ್ ಸಂಸ್ಥೆಯ ಷೇರಿನ ಬೆಲೆಯು ಐದರಲ್ಲೊಂದು ಪಾಲಿಗಿಂತಲೂ ಹೆಚ್ಚಾಗಿ ಕುಸಿಯಿತು. 2025ನೆಯ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಶಾಸನವಾದರೋ, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು.

ಶಾಸನಗಳು ಬದಲಾಗಬಹುದು, ನ್ಯಾಯಾಲಯಗಳ ವಾದವು ಮುಂದುವರಿಯಬಹುದು. ಗೃಹಸ್ಥರ ವಿಚಾರಕ್ಕೆ ಅವುಗಳಿಗಾಗಿ ಕಾಯಬೇಕಾಗಿಲ್ಲ. ಮನೆಯ ಹುಡುಗರು "ಇದು ಕೌಶಲದ ಆಟ" ಎಂದು ವಾದಿಸಿದಾಗ, ಅವರನ್ನು ಗದರಿಸದೆ ಒಂದೇ ಪ್ರಶ್ನೆಯನ್ನು ಕೇಳಿದರೆ ಸಾಕು: "ಹಾಗಾದರೆ ಕೌಶಲವಿಲ್ಲದವನು ಯಾರಪ್ಪ? ಅವನ ಹಾದಿಯನ್ನು ಕಾಯುತ್ತ ಮನೆಯಲ್ಲಿ ಯಾರಿದ್ದಾರೆ?"